ಥೆರಪಿ ನಾಯಿ: ವಾರ್ಡಿನ ಬಾಗಿಲು ದಾಟುವ ಮುನ್ನ

ಆಸ್ಪತ್ರೆ, ವೃದ್ಧಾಶ್ರಮ, ವಿಶೇಷ ಮಕ್ಕಳ ಶಾಲೆಗಳಲ್ಲಿರುವವರಿಗೆ ನೆಮ್ಮದಿ ಕೊಡಲು ಸಾಕುನಾಯಿಯನ್ನು ಕರೆದೊಯ್ಯುವ ಬಗ್ಗೆ ಬೆಂಗಳೂರಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ನಮ್ಮ ಲ್ಯಾಬ್ರಡಾರ್‌ಗೆ ಎರಡು ವರ್ಷ. ಮನೆಗೆ ಯಾರೇ ಬಂದರೂ ಹಾರಿ ಮುದ್ದಾಡುತ್ತಾನೆ. ಇವನನ್ನು ಥೆರಪಿ ನಾಯಿ ಮಾಡಬಹುದೇ? ಸರ್ಟಿಫಿಕೇಟ್ ಎಲ್ಲಿ ಸಿಗುತ್ತದೆ?
— ರಾಜಾಜಿನಗರದ ಓದುಗರು

ಮಾಡಬಹುದು, ಆದರೆ ಹಾರುವುದು ನಿಂತ ಮೇಲೆ. ಮೂವತ್ತು ಕಿಲೋ ತೂಗುವ ನಾಯಿ ಸೊಂಟದ ಆಪರೇಷನ್ ಆದ ಅಜ್ಜಿಯ ಮೇಲೆ ಮುಂಗಾಲಿಟ್ಟರೆ ಅದು ಪ್ರೀತಿಯೇ ಆದರೂ ಅನಾಹುತ. ಅಪರಿಚಿತರ ಹತ್ತಿರ ತಾನಾಗಿ ಹೋಗಿ, ಅವರ ಪಕ್ಕದಲ್ಲಿ ನೆಮ್ಮದಿಯಾಗಿ ನಿಲ್ಲುವ ನಾಯಿ ಈ ಕೆಲಸಕ್ಕೆ ಬೇಕು. ಯಜಮಾನ ಹೇಳಿದನೆಂದು ಸಹಿಸಿಕೊಂಡು ನಿಲ್ಲುವ ನಾಯಿಯೂ ಬೇಡ.

ಸರ್ಟಿಫಿಕೇಟ್ ವಿಚಾರ ಮೊದಲು ಮುಗಿಸೋಣ. ಥೆರಪಿ ನಾಯಿ ಬೇರೆ, ಸರ್ವೀಸ್ ಡಾಗ್ ಬೇರೆ. ಅಂಧರಿಗೆ ದಾರಿ ತೋರಿಸುವಂಥ ಸರ್ವೀಸ್ ಡಾಗ್ ಒಬ್ಬರ ಜೊತೆಗೇ ಇದ್ದು ಅವರಿಗಾಗಿ ದುಡಿಯುತ್ತದೆ. ಥೆರಪಿ ನಾಯಿ ನಿಮ್ಮ ಮನೆಯಲ್ಲೇ ಬದುಕಿ, ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬೇರೆಯವರನ್ನು ನೋಡಿ ಬರುತ್ತದೆ. ಹಾಗಾಗಿ ಅದು ಹೋಗುವ ಪ್ರತಿ ಸಂಸ್ಥೆಯ ಅನುಮತಿಯನ್ನೂ ಬರಹದಲ್ಲಿ ಪಡೆಯಲೇಬೇಕು. ಆನ್‌ಲೈನಿನಲ್ಲಿ ದುಡ್ಡು ಕೊಟ್ಟರೆ ಬರುವ ಕಾರ್ಡು, ಕೆಂಪು ಜಾಕೆಟ್ಟುಗಳಿಗೆ ಯಾವ ಬೆಲೆಯೂ ಇಲ್ಲ. ನಾಯಿಯನ್ನು ಕಣ್ಣಾರೆ ನೋಡಿ, ಪರೀಕ್ಷಿಸಿ ಸೇರಿಸಿಕೊಳ್ಳುವ ತಂಡವನ್ನೇ ಹುಡುಕಿ.

ಹಾರುವುದನ್ನು ಬಿಡಿಸಲು ಮನೆಯವರೆಲ್ಲ ಒಂದೇ ನಿಯಮಕ್ಕೆ ಬರಬೇಕು: ಹಾರಿದರೆ ಬೆನ್ನು ತಿರುಗಿಸಿ, ಮಾತೂ ಬೇಡ, ಬೈಗುಳವೂ ಬೇಡ, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ತಿನಿಸು, ಮುದ್ದು. ಹತ್ತರಲ್ಲಿ ಒಬ್ಬ ನೆಂಟ "ಪರವಾಗಿಲ್ಲ ಬಿಡಿ" ಎಂದು ಹಾರಿಸಿಕೊಂಡರೂ ಕಲಿಕೆ ಹಿಂದಕ್ಕೆ ಹೋಗುತ್ತದೆ, ಏಕೆಂದರೆ ಅಪರೂಪಕ್ಕೆ ಫಲ ಕೊಡುವ ಚಟವೇ ಗಟ್ಟಿಯಾಗಿ ಉಳಿಯುವುದು. ಆಜ್ಞೆಯ ಪದವೂ ಒಂದೇ ಇರಲಿ. ಅಪ್ಪ "ಬಾ", ಮಗಳು "ಕಮ್", ಅಜ್ಜಿ "ಬಾರೋ ಇಲ್ಲಿ" ಎಂದರೆ ನಾಯಿಗೆ ಅವು ಮೂರು ಬೇರೆ ಸದ್ದುಗಳು.

ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ ಶುರುಮಾಡಿದ 'ಕೆನೈನ್ ಗುಡ್ ಸಿಟಿಜನ್' ಪರೀಕ್ಷೆಯ ಹತ್ತು ಅಂಶಗಳನ್ನು ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ಅಪರಿಚಿತರು ಮಾತಾಡಿಸಿದಾಗ, ಮೈ ಮುಟ್ಟಿದಾಗ ಶಾಂತವಾಗಿರುವುದು, ಬೆಲ್ಟ್ ಎಳೆಯದೆ ನಡೆಯುವುದು, ಇನ್ನೊಂದು ನಾಯಿಯನ್ನು ನೋಡಿಯೂ ಮುಂದೆ ಸಾಗುವುದು, ನೀವು ಕಣ್ಮರೆಯಾದಾಗ ಬೇರೊಬ್ಬರ ಜೊತೆ 3 ನಿಮಿಷ ಗಲಾಟೆಯಿಲ್ಲದೆ ಇರುವುದು ಇವೆಲ್ಲ ಅದರಲ್ಲಿವೆ. ಇದಾದ ಮೇಲೆ ಆಸ್ಪತ್ರೆಯ ಪಾಠ: ವ್ಹೀಲ್‌ಚೇರ್, ವಾಕರ್, ಊರುಗೋಲು, ಲಿಫ್ಟ್, ನುಣುಪು ನೆಲ. ನಾಯಿಯ ಬೆನ್ನ ಹಿಂದೆ ಸ್ಟೀಲ್ ತಟ್ಟೆಯೊಂದನ್ನು ಬೀಳಿಸಿ ನೋಡಿ. ಬೆಚ್ಚಿಬೀಳುವುದು ತಪ್ಪಲ್ಲ, ಕೆಲವೇ ಸೆಕೆಂಡುಗಳಲ್ಲಿ ಸುಧಾರಿಸಿಕೊಂಡು ತಟ್ಟೆಯನ್ನು ಮೂಸಲು ಹೋದರೆ ಒಳ್ಳೆಯ ಲಕ್ಷಣ. ಮೂಲೆ ಸೇರಿ ಬರಲೊಲ್ಲದಿದ್ದರೆ ಈ ಕೆಲಸಕ್ಕೆ ಒತ್ತಾಯಿಸಬೇಡಿ. ಕನಿಷ್ಠ ವಯಸ್ಸು 1 ವರ್ಷ. ದೊಡ್ಡ ನಾಯಿಯನ್ನು ದತ್ತು ಪಡೆದಿದ್ದರೆ ಮನೆಗೆ ಬಂದು 6 ತಿಂಗಳಾದರೂ ಆಗಿರಲಿ. ಅದಕ್ಕೂ ಮೊದಲು ಅದರ ನಿಜವಾದ ಸ್ವಭಾವ ನಿಮಗೇ ಪೂರ್ತಿ ಗೊತ್ತಿರುವುದಿಲ್ಲ.

ಬೀದಿಯಿಂದ ತಂದ ಇಂಡಿ ನಾಯಿ ಆಗುತ್ತದೆಯೇ? ಮುಧೋಳ?
— ಬಸವನಗುಡಿಯ ಓದುಗರು

ಇಂಡಿ ಖಂಡಿತ ಆಗುತ್ತದೆ. ಕಡಿಮೆ ಕೂದಲು, ನಮ್ಮ ಹವೆಗೆ ಒಗ್ಗಿದ ಮೈ, ಮಧ್ಯಮ ಗಾತ್ರ, ಎಲ್ಲವೂ ಅನುಕೂಲವೇ. ಮರಿಯಾಗಿದ್ದಾಗ ಜನರ ಕೈಯಲ್ಲಿ ಬೆಳೆದಿದೆಯೇ ಎಂಬುದೊಂದನ್ನು ನೋಡಿ. ಮುಧೋಳ ಓಟಕ್ಕೂ ಬೇಟೆಗೂ ಬೆಳೆದ ತಳಿ, ಅಪರಿಚಿತರೊಡನೆ ಬಹುಪಾಲು ಬಿಗುಮಾನದಿಂದಿರುತ್ತದೆ. ಬೆರೆಯುವ ಸ್ವಭಾವದ ಮುಧೋಳ ಸಿಕ್ಕರೆ ತಳಿಯ ಹೆಸರು ನೋಡಿ ಬೇಡವೆನ್ನಬೇಡಿ.

ಮುಂದಿನ ತಿಂಗಳು ಆಸ್ಪತ್ರೆಯೊಂದಕ್ಕೆ ಮೊದಲ ಭೇಟಿ. ತಯಾರಿ ಹೇಗೆ? ಒಳಗೆ ಹೇಗೆ ನಡೆದುಕೊಳ್ಳಬೇಕು?
— ಮಲ್ಲೇಶ್ವರದ ಓದುಗರು

ಕಾಗದ ಪತ್ರಗಳಿಂದ ಶುರುಮಾಡಿ. ರೇಬೀಸ್ ಲಸಿಕೆ ಪ್ರತಿವರ್ಷ, ಡಿಸ್ಟೆಂಪರ್-ಪಾರ್ವೋ ಇತ್ಯಾದಿ ವೈರಸ್ ರೋಗಗಳ ಸಂಯುಕ್ತ ಲಸಿಕೆ, ಲೆಪ್ಟೊಸ್ಪೈರೋಸಿಸ್ ಲಸಿಕೆ, ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧಿ, ಇವುಗಳ ದಾಖಲೆ ಸದಾ ಚೀಲದಲ್ಲಿರಲಿ. ಲೆಪ್ಟೊ ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುತ್ತದೆ, ಮನುಷ್ಯರಿಗೂ ಬರುತ್ತದೆ. ಹಾಗಾಗಿ ನಮ್ಮ ಮಳೆಗಾಲದ ರಸ್ತೆಗಳಲ್ಲಿ ನಿಂತ ನೀರು ಕುಡಿಯಲು ಬಿಡಬೇಡಿ. ಹಸಿ ಮಾಂಸ ತಿನ್ನುವ ನಾಯಿಯ ಬಾಯಿ, ಮಲದಲ್ಲಿ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಕೊನೆಯ ಸಲ ಹಸಿ ಮಾಂಸ ತಿಂದು 90 ದಿನ ಕಳೆಯದೆ ರೋಗಿಗಳ ಬಳಿ ಬೇಡ.

ಹಿಂದಿನ ದಿನ ನಾಯಿಯ ಶಾಂಪೂವಿನಿಂದ ಸ್ನಾನ ಮಾಡಿಸಿ, ನೊರೆ ಉಳಿಯದಂತೆ ತೊಳೆದು, ಬುಡದ ಕೂದಲವರೆಗೂ ಒಣಗಿಸಿ. ಪೌಡರ್, ಸೆಂಟು ಬೇಡ. ವಾರ್ಡಿನಲ್ಲಿ ಉಬ್ಬಸದವರು ಇರುತ್ತಾರೆ. ಉಗುರು ಕತ್ತರಿಸಿದ ಮೇಲೆ ಫೈಲ್ ಹಾಕಿ ಅಂಚು ನುಣುಪಾಗಿಸಿ. ಹೊಸದಾಗಿ ಕತ್ತರಿಸಿದ ಉಗುರಿನ ಅಂಚೇ ಹೆಚ್ಚು ಚೂಪು, ವಯಸ್ಸಾದವರ ಚರ್ಮ ಬಲು ತೆಳು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕತ್ತುಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಉಣ್ಣೆಹುಳ ಹುಡುಕಿ. ಬೆಂಗಳೂರಿನಲ್ಲಿ ಇದಕ್ಕೆ ಬಿಡುವಿನ ಕಾಲವೇ ಇಲ್ಲ. ಬೆನ್ನಿಗೆ ಬಿಡುವ ಉಣ್ಣೆ ಔಷಧಿಯನ್ನು ಮಾತ್ರ ಭೇಟಿಯ ಹಿಂದಿನ ದಿನ ಹಾಕಬೇಡಿ. ಅದು ರೋಗಿಯ ಕೈಗೆ ಅಂಟುತ್ತದೆ, ಮೇಲಿಂದ ಸ್ನಾನ ಮಾಡಿಸಿದರೆ ಔಷಧಿಯೂ ವ್ಯರ್ಥ.

ಊಟ ಎರಡು-ಮೂರು ಗಂಟೆ ಮೊದಲೇ ಮುಗಿದಿರಲಿ, ಅದೂ ಹಗುರವಾಗಿ. ಗೇಟಿನ ಹೊರಗೆ ಮಲಮೂತ್ರ ಮುಗಿಸಿಯೇ ಒಳಗೆ ಹೋಗಿ. ಚೀಲದಲ್ಲಿ ನೀರು, ಬಟ್ಟಲು, ತಿನಿಸು, ಒಗೆದ ಬೆಡ್‌ಶೀಟುಗಳು, ಸ್ಯಾನಿಟೈಸರ್, ಒರೆಸುವ ಬಟ್ಟೆ, ಮಲ ಎತ್ತುವ ಕವರ್ ಇರಲಿ. ಬೆಲ್ಟ್ 6 ಅಡಿ ಮೀರದ್ದು, ಚಪ್ಪಟೆಯದ್ದು. ಗುಂಡಿ ಒತ್ತಿದರೆ ಉದ್ದವಾಗುವ ಬೆಲ್ಟಿನ ತೆಳ್ಳನೆ ದಾರ ಡ್ರಿಪ್ ಸ್ಟ್ಯಾಂಡಿಗೆ ಸುತ್ತಿಕೊಳ್ಳುತ್ತದೆ, ಕೈ ಕೊಯ್ಯುತ್ತದೆ. ಕತ್ತು ಬಿಗಿಯುವ ಚೈನಂತೂ ಬೇಡವೇ ಬೇಡ.

ಒಳಗೆ ಹೋದ ಕೂಡಲೇ ನರ್ಸ್ ಹತ್ತಿರ ಕೇಳಿ: ಇವತ್ತು ಯಾರ ಬಳಿ ಹೋಗಬಾರದು? ರೋಗನಿರೋಧಕ ಶಕ್ತಿ ಕುಗ್ಗಿದವರು, ತೆರೆದ ಗಾಯ, ಸುಟ್ಟಗಾಯ ಇರುವವರು, ಪ್ರತ್ಯೇಕ ಕೊಠಡಿಯಲ್ಲಿರುವವರು ಆ ಪಟ್ಟಿಯಲ್ಲಿರುತ್ತಾರೆ. ಆಮೇಲೆ ರೋಗಿಯನ್ನೇ ಕೇಳಿ. ಮನೆಯವರು "ಅವರಿಗೆ ನಾಯಿ ಅಂದ್ರೆ ಪ್ರಾಣ" ಎಂದರೂ ಮಂಚದ ಮೇಲಿರುವವರು ಹೂಂ ಎನ್ನಬೇಕು. ಡ್ರಿಪ್ ಇಲ್ಲದ ಕಡೆಯಿಂದ ಹೋಗಿ. ವ್ಹೀಲ್‌ಚೇರ್ ಆದರೆ ಬ್ರೇಕ್ ಹಾಕಿದೆಯೇ ನೋಡಿ. ಮಂಚದ ಮೇಲೆ ನಾಯಿ ಕೂರಬೇಕಿದ್ದರೆ ಒಬ್ಬೊಬ್ಬರಿಗೂ ಬೇರೆ ಬೆಡ್‌ಶೀಟ್. ಮುಖ, ಕೈ ನೆಕ್ಕಲು ಬಿಡಬೇಡಿ. ಆರೋಗ್ಯವಂತರಿಗೆ ಏನೂ ಮಾಡದ ನಾಯಿ ಬಾಯಿಯ ಬ್ಯಾಕ್ಟೀರಿಯಾ ರೋಗಿಗೆ ಸೋಂಕು ತರಬಲ್ಲದು. ಮುಟ್ಟುವ ಮೊದಲು ಮತ್ತು ನಂತರ ಪ್ರತಿಯೊಬ್ಬರೂ ಕೈ ಶುಚಿ ಮಾಡಿಕೊಳ್ಳಲಿ. ಒಬ್ಬ ರೋಗಿಯ ಕೈಯ ರೋಗಾಣು ನಾಯಿಯ ಕೂದಲಿನ ಮೂಲಕ ಮುಂದಿನ ಮಂಚಕ್ಕೆ ಹೋಗುವ ದಾರಿಯನ್ನು ಮುಚ್ಚುವುದು ಮುಖ್ಯವಾಗಿ ಇದೇ. ಭೇದಿ ಇರುವ ವಾರ್ಡಿನಲ್ಲಿ ಸೋಪು-ನೀರೇ ಬೇಕು, ಸ್ಯಾನಿಟೈಸರ್ ಸಾಲದು.

ಹೊರಬಂದ ಮೇಲೆ ಪಾದಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ. ನೆಲಕ್ಕೆ ಹಾಕಿದ ಫಿನಾಯಿಲ್ ಪಾದಕ್ಕಂಟಿ, ನಾಯಿ ಅದನ್ನು ನೆಕ್ಕಿದರೆ ವಾಂತಿ, ಬಾಯಿಹುಣ್ಣು ಬರುತ್ತವೆ.

ನಾಯಿಗೆ ಸಾಕಾಗಿದೆ ಎಂದು ತಿಳಿಯುವುದು ಹೇಗೆ? ನಮ್ಮವಳು ಗುರ್ ಎನ್ನುವುದೇ ಇಲ್ಲ.
— ಇಂದಿರಾನಗರದ ಓದುಗರು

ಗುರ್ ಎನ್ನುವವರೆಗೆ ಕಾದರೆ ತಡವಾಯಿತು. ಅದಕ್ಕೂ ಬಹಳ ಮೊದಲೇ ನಾಯಿ ಹೇಳಿರುತ್ತದೆ, ಮೆಲ್ಲಗೆ. ಮುಖ ಪಕ್ಕಕ್ಕೆ ತಿರುಗಿಸುವುದು, ತಿನಿಸಿಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಒಂದು ಮುಂಗಾಲು ಎತ್ತಿ ಹಿಡಿಯುವುದು, ಮೈ ಒದ್ದೆಯಿಲ್ಲದಿದ್ದರೂ ಒದರಿಕೊಳ್ಳುವುದು. ಮುಂದಿನ ಹಂತದಲ್ಲಿ ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತದೆ, ಕಿವಿ ಹಿಂದಕ್ಕೆ, ಬಾಲ ಒಳಕ್ಕೆ ಹೋಗುತ್ತದೆ, ಏಸಿ ಕೋಣೆಯಲ್ಲೂ ಏದುಸಿರು ಬರುತ್ತದೆ. ಕೂದಲು ಹಠಾತ್ತನೆ ಉದುರುತ್ತದೆ. ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿದರೆ ಗಮನಿಸಿ. ನಾಯಿಯ ಬೆವರುಗ್ರಂಥಿಗಳು ಪಾದದಲ್ಲಿವೆ, ಆತಂಕಕ್ಕೂ ಅದು ಅಲ್ಲೇ ಬೆವರುತ್ತದೆ. ದಿನಾ ಹಾತೊರೆಯುವ ತಿನಿಸನ್ನು ಮೂಸಿ ಬಿಟ್ಟರೆ ಭೇಟಿ ಮುಗಿಯಿತೆಂದೇ ತಿಳಿಯಿರಿ. ಇದ್ದಕ್ಕಿದ್ದಂತೆ ಮೈ ಮರಗಟ್ಟಿ ನಿಂತುಬಿಟ್ಟರೆ ಕೊನೆಯ ಎಚ್ಚರಿಕೆ. ಆ ನಿಶ್ಚಲತೆಯನ್ನು ಜನ "ಎಷ್ಟು ಶಾಂತ ನಾಯಿ!" ಎಂದು ಮೆಚ್ಚುತ್ತಾರೆ. ಕಡಿತದ ಅಪಾಯ ಹೆಚ್ಚಿರುವುದು ಅಲ್ಲೇ.

ಆಕಳಿಕೆ ಒಂದನ್ನೇ ನೋಡಿ ಗಾಬರಿಯಾಗಬೇಡಿ. ಎರಡು-ಮೂರು ಲಕ್ಷಣ ಒಟ್ಟಿಗೆ ಬಂದರೆ ನಡುವೆ ನೀವು ನಿಂತು, "ಟಾಟಾ ಹೇಳೋಣ" ಎಂದು ಹೊರಗೆ ಕರೆದೊಯ್ಯಿರಿ. ನೀರು, ಮಣ್ಣಿನ ವಾಸನೆ, ಹತ್ತು ನಿಮಿಷ. ಮತ್ತೆ ಬಾಗಿಲಿನತ್ತ ತಾನಾಗಿ ನಡೆದರೆ ಸರಿ, ಇಲ್ಲವಾದರೆ ಮನೆ. ಇನ್ನೊಂದು ಸುಲಭ ಪರೀಕ್ಷೆ: ಸವರುತ್ತಿರುವವರಿಗೆ ಮೂರು ಸೆಕೆಂಡು ಕೈ ತೆಗೆಯಲು ಹೇಳಿ. ನಾಯಿ ಒರಗಿಕೊಂಡು ಇನ್ನೂ ಕೇಳುತ್ತದೆಯೋ, ಸರಿದು ಹೋಗುತ್ತದೆಯೋ ನೋಡಿ.

ಒಂದು ಭೇಟಿ 1 ಗಂಟೆ ಮೀರಬಾರದು. ಹೊಸ ನಾಯಿಗೆ 20 ನಿಮಿಷ ಧಾರಾಳ. ಸಿಲ್ಕ್ ಬೋರ್ಡಿನ ಟ್ರಾಫಿಕ್‌ನಲ್ಲಿ ಕಳೆದ ಸಮಯವೂ ದಣಿವೇ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಗುರ್ ಎಂದಾಗ ಯಾವತ್ತೂ ಗದರಬೇಡಿ. ಗದರಿಸಿಕೊಂಡ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ನಿಮ್ಮವಳು ಗುರ್ ಎನ್ನುವುದಿಲ್ಲವೆಂದರೆ ಮೇಲಿನ ಸಣ್ಣ ಲಕ್ಷಣಗಳನ್ನು ನೀವು ಇನ್ನಷ್ಟು ಹತ್ತಿರದಿಂದ ನೋಡಬೇಕು.

ನಾನು ವಿಶೇಷ ಮಕ್ಕಳ ಶಾಲೆಯ ಶಿಕ್ಷಕಿ. ನಾಯಿ ಬಂದರೆ ಮಕ್ಕಳು ಖುಷಿಪಡುತ್ತಾರೆ, ಅದಕ್ಕಿಂತ ಹೆಚ್ಚಿಗೆ ಏನಾದರೂ ಆಗುತ್ತದೆಯೇ?
— ಬನಶಂಕರಿಯ ಓದುಗರು

ಆಗುತ್ತದೆ, ಗುರಿ ಇದ್ದರೆ. ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್, ಮುದುಡಿಕೊಂಡಿದ್ದ ಹುಡುಗನೊಬ್ಬ ತಮ್ಮ ನಾಯಿ ಜಿಂಗಲ್ಸ್ ಎದುರು ತೆರೆದುಕೊಂಡದ್ದನ್ನು ಕಂಡು 1960ರ ದಶಕದ ಆರಂಭದಲ್ಲಿ ಅದರ ಬಗ್ಗೆ ಬರೆದರು. ಆಗ ಅನೇಕ ಸಹೋದ್ಯೋಗಿಗಳು ನಕ್ಕಿದ್ದರು. ಇಂದು ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್‌ಗಳು ನಾಯಿಯನ್ನು ತಮ್ಮ ಪಾಠದೊಳಗೇ ಸೇರಿಸುತ್ತಾರೆ. ಕತ್ತುಪಟ್ಟಿಯ ಬಕಲ್ ಹಾಕಿ ಬಿಚ್ಚುವುದು ಬೆರಳಿಗೆ ಕೆಲಸ. ಬೆನ್ನುದ್ದಕ್ಕೂ ಬ್ರಷ್ ಎಳೆಯುವುದು ಭುಜಕ್ಕೆ. "ಕೂತ್ಕೋ" ಎಂದು ಕೇಳಿಸುವಂತೆ ಹೇಳುವುದು ಮಾತಿಗೆ, ಹೇಳಿದ ಕೂಡಲೇ ನಾಯಿ ಕೂತು ಉತ್ತರ ಕೊಡುತ್ತದಲ್ಲ! ಈ ಗುರಿಗಳನ್ನು ಬರೆದು, ಪ್ರಗತಿ ಗುರುತಿಸುವವರು ಥೆರಪಿಸ್ಟ್. ನಾಯಿ ತಂದವರು ನಾಯಿಯನ್ನಷ್ಟೇ ನೋಡಿಕೊಳ್ಳಬೇಕು. ಎರಡೂ ಕೆಲಸ ಒಬ್ಬರೇ ಮಾಡಹೋದರೆ ನಾಯಿಯ ಸಂಕಟ ಕಣ್ತಪ್ಪುತ್ತದೆ.

ಒಮ್ಮೆಗೆ ಒಂದು ಮಗು, ಹೆಚ್ಚೆಂದರೆ ಇಬ್ಬರು ಮೂವರು. ಇಡೀ ತರಗತಿಯನ್ನು ನಾಯಿಯ ಸುತ್ತ ಕೂರಿಸಬೇಡಿ. ಮೊದಲು ಮಗುವಿಗೆ ನಾಯಿಯ ಫೋಟೊ, ಆಮೇಲೆ ಕಿಟಕಿಯಾಚೆಯಿಂದ ನೋಟ, ನಂತರ ಕೋಣೆಯ ಎರಡು ತುದಿ, ಹೀಗೆ ದಿನ ತೆಗೆದುಕೊಂಡು ಹತ್ತಿರವಾಗಲಿ. ಬಾಲ ಹಿಡಿದೆಳೆಯುವ, ತಬ್ಬಿ ಬಿಗಿಯುವ ಮಗುವಿದ್ದರೆ ನಾಯಿಯ ಬಾಲದ ಭಾಗ ಥೆರಪಿಸ್ಟ್ ಕಡೆಗಿರುವಂತೆ ಮಲಗಿಸಿ, ಮಗುವಿನ ಕೈಗೆ ಬ್ರಷ್ ಕೊಡಿ. ಕೈಯಲ್ಲಿ ಕೆಲಸವಿದ್ದಾಗ ಎಳೆತ ಕಡಿಮೆ. ಅಲರ್ಜಿ, ಉಬ್ಬಸ, ನಾಯಿಭಯದ ವಿವರ ಪಾಲಕರಿಂದ ಮೊದಲೇ ಬರಹದಲ್ಲಿ ಪಡೆಯಿರಿ.

ವೃದ್ಧಾಶ್ರಮದಲ್ಲಿ ಎಲ್ಲರೂ ಏನಾದರೂ ತಿನ್ನಿಸಲು ಬರುತ್ತಾರೆ. ಬೇಡವೆಂದರೆ ಬೇಜಾರು.
— ಯಲಹಂಕದ ಓದುಗರು

ಪಾಯಸದ ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಈರುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಚಾಕೊಲೇಟ್ ಹೃದಯಕ್ಕೆ ವಿಷ. ಮಧುಮೇಹಿಗಳ ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿ ಸಿಹಿಗಾಗಿ ಹಾಕುವ ಕ್ಸೈಲಿಟಾಲ್ ಅತಿ ಅಪಾಯ, ಸ್ವಲ್ಪವೇ ತಿಂದರೂ ರಕ್ತದ ಸಕ್ಕರೆ ಕುಸಿಯುತ್ತದೆ. ಹೋಳಿಗೆ ವಿಷವಲ್ಲ, ಆದರೆ ಅದರ ತುಪ್ಪ ಹೊಟ್ಟೆ ಕೆಡಿಸುತ್ತದೆ. ನೆಲಕ್ಕೆ ಬಿದ್ದ ನೋವಿನ ಮಾತ್ರೆ ಇವೆಲ್ಲಕ್ಕಿಂತ ಭಯದ್ದು.

ಹಾಗಾಗಿ "ಬಿಡು" ಗಟ್ಟಿಯಾಗಬೇಕು. ಮುಚ್ಚಿದ ಮುಷ್ಟಿಯಲ್ಲಿ ತಿನಿಸಿಟ್ಟು ಕಾಯಿರಿ. ಮೂಗು ಹಿಂದಕ್ಕೆ ಬಂದ ಕ್ಷಣ "ಹಾಂ" ಎಂದು ಇನ್ನೊಂದು ಕೈಯಿಂದ ಬೇರೆ ತಿನಿಸು ಕೊಡಿ. ಬಿಟ್ಟದ್ದನ್ನೇ ಕೊಟ್ಟರೆ "ಸ್ವಲ್ಪ ಕಾದರೆ ಅದೇ ಸಿಗುತ್ತದೆ" ಎಂದು ಕಲಿಯುತ್ತದೆ. ಮುಂದೆ ತೆರೆದ ಅಂಗೈ, ಆಮೇಲೆ ನೆಲ, ಕೊನೆಗೆ ನಡೆಯುತ್ತಲೇ ದಾಟಿ ಹೋಗುವುದು. ತಿನ್ನಿಸುವ ಆಸೆಗೆ ನೀವೇ ಒಂದು ಡಬ್ಬಿಯಲ್ಲಿ ನಾಯಿಯ ತಿನಿಸು ಒಯ್ದು, ಒಬ್ಬರಿಗೆ ಒಂದರಂತೆ ಚಪ್ಪಟೆ ಅಂಗೈಯಲ್ಲಿ ಇರಿಸಿ. ದಿನದ ಆಹಾರದಲ್ಲಿ ಇದರ ಪಾಲು ಹತ್ತರಲ್ಲೊಂದು ದಾಟದಿರಲಿ.

ಭೇಟಿಯ ವೇಳೆ ನಾಯಿಯ ಉಗುರು ತಾಗಿ ಅಜ್ಜರೊಬ್ಬರ ಕೈ ಗೀರಿತು. ಲಸಿಕೆ ಆಗಿರುವ ನಾಯಿ. ಸುಮ್ಮನಿರಬಹುದೇ?
— ಜಯನಗರದ ಓದುಗರು

ಸುಮ್ಮನಿರಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಹಚ್ಚಬೇಡಿ. ಕೂಡಲೇ ಅಲ್ಲಿನ ವೈದ್ಯರಿಗೆ ತಿಳಿಸಿ, ಲಸಿಕೆ ಪುಸ್ತಕ ತೋರಿಸಿ; ರೇಬೀಸ್ ಚುಚ್ಚುಮದ್ದು ಬೇಕೋ ಬೇಡವೋ ಅವರು ತೀರ್ಮಾನಿಸಲಿ. ಸಂಸ್ಥೆಯ ದಾಖಲೆ ಪುಸ್ತಕದಲ್ಲಿ ಬರೆಸಿ. ಆ ದಿನದ ಭೇಟಿ ಅಲ್ಲಿಗೇ ನಿಲ್ಲಿಸಿ.

ಭೇಟಿಗೆ ಹೋಗುವ ನಮ್ಮ ಎಂಟು ವರ್ಷದ ಗೋಲ್ಡನ್ ರಿಟ್ರೀವರ್ ಈಗ ಕಾರು ಹತ್ತಲು ಒಲ್ಲೆ ಎನ್ನುತ್ತದೆ.
— ವಿಜಯನಗರದ ಓದುಗರು

ಮೊದಲು ಪಶುವೈದ್ಯರು. ಸೊಂಟ, ಮೊಣಕೈ ಸಂಧಿವಾತ, ಹಲ್ಲುನೋವು, ಮಂದವಾದ ಕಣ್ಣು-ಕಿವಿ, ಇವು ಹೊರಗೆ ಕಾಣದೆಯೂ ಇರಬಹುದು. ಎಲ್ಲ ಸರಿಯಿದ್ದು, ವಾಕಿಂಗಿಗೆಂದರೆ ಕಾರು ಹತ್ತುತ್ತದೆ, ಭೇಟಿಯ ಬೆಲ್ಟ್ ಕಂಡರೆ ಮಾತ್ರ ಹಿಂಜರಿಯುತ್ತದೆ ಎಂದಾದರೆ ಕೆಲಸ ಬಿಡಿಸುವ ಹೊತ್ತು ಬಂದಿದೆ. ಕಾಯುತ್ತಿರುವ ಹಿರಿಯರಿಗೆ ಮೊದಲೇ ತಿಳಿಸಿ, ಹೊಸ ತಂಡವನ್ನು ಪರಿಚಯಿಸಿ. ನಾಯಿಗೆ ಆ ಹೊತ್ತಿನಲ್ಲಿ ಬೇರೊಂದು ನಡಿಗೆ ಇಟ್ಟುಕೊಳ್ಳಿ. ದಿನಚರಿ ಥಟ್ಟನೆ ಖಾಲಿಯಾದರೆ ಅದೂ ಮಂಕಾಗುತ್ತದೆ.

ಮೆಟ್ರೊದಲ್ಲಿ ಕರೆದೊಯ್ಯಬಹುದೇ? ಬೇಸಿಗೆಯಲ್ಲಿ, ದೀಪಾವಳಿಯಲ್ಲಿ ಏನು ಮಾಡಬೇಕು?
— ಕೆಂಗೇರಿಯ ಓದುಗರು

ನಮ್ಮ ಮೆಟ್ರೊದಲ್ಲಿ ಸಾಕುನಾಯಿಗೆ ಅವಕಾಶವಿಲ್ಲ. ಸ್ವಂತ ಕಾರು ಅಥವಾ ನಾಯಿ ಒಪ್ಪುವ ಕ್ಯಾಬ್ ನೋಡಿ. ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಮುಂಗೈ ಹಿಂಬದಿಯನ್ನು ಡಾಂಬರಿನ ಮೇಲೆ 7 ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಟ್ಟುಹೋಗಬೇಡಿ. ಪಟಾಕಿಯ ವಾರ ಭೇಟಿ ಬೇಡ. ಸದ್ದು ನಿಂತ ಮೇಲೆ ಎರಡು ಮೂರು ದಿನ ನಿದ್ದೆ, ಊಟ ಮೊದಲಿನಂತಾಗಿದೆಯೇ ನೋಡಿಕೊಂಡು ಮುಂದಿನ ದಿನಾಂಕ ಗೊತ್ತುಮಾಡಿ.