ಮೂಳೆ-ಕೀಲಿನ ಸಂಶೋಧನೆಗೆ ರೋಗಿಗಳನ್ನು ಯಾಕೆ ಕೇಳಬೇಕು? ಡಾಕ್ಟರಿಗೆ ಗೊತ್ತಿರಲ್ವಾ?

ಎಕ್ಸ್‌ರೇಯಲ್ಲಿ ಮಂಡಿ ಎಷ್ಟು ಸವೆದಿದೆ ಅಂತ ಕಾಣುತ್ತದೆ, ಆ ಮಂಡಿ ಇಟ್ಟುಕೊಂಡು ಮನೆಯಲ್ಲಿ ಹೇಗೆ ದಿನ ತಳ್ಳುತ್ತಾರೆ ಅನ್ನೋದು ಕಾಣಲ್ಲ. 1998ರ ಆಕ್ಸ್‌ಫರ್ಡ್ ನೀ ಸ್ಕೋರ್, ಅಂದರೆ ಮಂಡಿ ಹೇಗಿದೆ ಅಂತ ರೋಗಿಗಳೇ ಉತ್ತರ ಕೊಡೋ ಪ್ರಶ್ನೆಪಟ್ಟಿ, ಹುಟ್ಟಿದ್ದೇ ಇದಕ್ಕೆ. ರೋಗಿಗಳನ್ನು ಮಾತಾಡಿಸಿ 12 ಪ್ರಶ್ನೆ ರೂಪಿಸಿದರು. ಮೆಟ್ಟಿಲು ಇಳಿಯೋದು, ಕಾರು-ಬಸ್ಸು ಹತ್ತೋದು, ಮಂಡಿಯೂರಿ ಏಳೋದು ಎಲ್ಲಾ ಇದೆ. ನೆಲದ ಮೇಲೆ ಕೂರೋದು ಮಾತ್ರ ಇಲ್ಲ! ನಮ್ಮ ಕಲಬುರಗಿಯಲ್ಲಿ ಎಷ್ಟೋ ಅವ್ವಂದಿರು ಒಲೆ ಮುಂದೆ ನೆಲಕ್ಕೆ ಕೂತು, ಒಂದು ಕಾಲು ಚಾಚಿ, ಪರಾತದಲ್ಲಿ ಹಿಟ್ಟು ನಾದಿ ಜೋಳದ ರೊಟ್ಟಿ ಬಡಿಯುತ್ತಾರೆ, ಅವರಿಗೆ ಆಪರೇಷನ್ ಆದಮೇಲೆ ಬೇಕಾಗಿರೋದು ಅದೇ ತಾನೆ? ಕೇಳದಿದ್ದರೆ ಯಾರಿಗೆ ಗೊತ್ತಾಗಬೇಕು.

ಇನ್ನೊಂದು ಹಳೇ ಕಥೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಜಾನ್ ಚಾರ್ನ್‌ಲಿ ಮೊದಲು ಹಾಕಿದ ಟೆಫ್ಲಾನ್ ಸೊಂಟದ ಕೀಲು ಬೇಗ ಸವೆದುಹೋಯಿತು. 1962ರಲ್ಲಿ ಗಟ್ಟಿ ಪಾಲಿಥಿನ್‌ಗೆ ಬದಲಾಯಿಸಿದರು. ಆಮೇಲೆ ರೋಗಿಗಳನ್ನೇ ಕೇಳಿದರು: ನೀವು ತೀರಿಕೊಂಡ ಮೇಲೆ ಆ ಕೀಲು ವಾಪಸ್ ಕೊಡ್ತೀರಾ, ಎಷ್ಟು ಸವೆದಿದೆ ನೋಡಬೇಕು ಅಂತ. ಕೇಳೋಕೆ ಸ್ವಲ್ಪ ವಿಚಿತ್ರ, ಆದರೆ ಜನ ಒಪ್ಪಿದರು.

ಸಂಶೋಧನೆಗೆ ಸೇರ್ತೀರಾ ಅಂತ ನಿಮ್ಮನ್ನೂ ಯಾರಾದರೂ ಕೇಳಿದರೆ ಸುಮ್ನೆ ಸಹಿ ಹಾಕಬೇಡಿ, ಒಪ್ಪಿಗೆ ಫಾರಂ ಓದಿಸಿಕೊಳ್ಳಿ. ಬೇಡ ಅಂದರೂ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ.