ಮುಖಕ್ಕೆ ಹಚ್ಚಿದ ಸತು ರಕ್ತಕ್ಕೆ ಸೇರುತ್ತದೆಯೇ?

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ವಯಸ್ಸು 33. ದಿನವೂ ಸ್ಕೂಟರಿನಲ್ಲಿ ಓಡಾಟ. ಹೆರಿಗೆಯ ನಂತರ ಎರಡೂ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಂಡಿದೆ. ಚರ್ಮವೈದ್ಯರು ಜಿಂಕ್ (ಸತು) ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ಬರೆದುಕೊಟ್ಟಿದ್ದಾರೆ. ಹಚ್ಚಿದರೆ ಮುಖ ಬೂದಿ ಬಳಿದಂತೆ ಕಾಣುತ್ತದೆ. ಅದರ ನ್ಯಾನೊ (ಅತಿ ಸೂಕ್ಷ್ಮ) ಕಣಗಳು ರಕ್ತಕ್ಕೆ ಸೇರುತ್ತವೆ, ಟೈಟಾನಿಯಂನಿಂದ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಬೇರೆ. ನಾಲ್ಕು ತಿಂಗಳ ಮಗುವಿಗೆ ಹಾಲೂಡಿಸುತ್ತಿದ್ದೇನೆ. ಮಗುವಿಗೂ ಇದನ್ನು ಹಚ್ಚಬಹುದೇ? ಜಿಂಕ್ ಆಕ್ಸೈಡ್ ಪುಡಿ ತಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿಕೊಂಡರೆ ಹೇಗೆ?
— ಓದುಗರು, ಕೊಪ್ಪಳ

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಬೆಚ್ಚಿಸಿದ್ದು ಅದೊಂದೇ. ದಯವಿಟ್ಟು ಬೇಡ. ಕಲಸಿದ್ದನ್ನು ಗಾಜಿನ ತುಂಡಿನ ಮೇಲೆ ತೆಳ್ಳಗೆ ಸವರಿ ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಬಿಳಿ ಗಂಟುಗಳು, ಅವುಗಳ ನಡುವೆ ಬರೀ ಎಣ್ಣೆ ಕಾಣುತ್ತದೆ. ಬಿಸಿಲು ಒಳನುಗ್ಗುವುದು ಆ ಎಣ್ಣೆಯ ಕಿಂಡಿಗಳಿಂದಲೇ. ಕುದಿನೀರಿಗೆ ರಾಗಿ ಹಿಟ್ಟನ್ನು ಒಮ್ಮೆಲೇ ಸುರಿದರೆ ಗಂಟು ಕಟ್ಟುವುದಿಲ್ಲವೇ, ಹಾಗೆ. ಕಣಗಳನ್ನು ಬಿಡಿಬಿಡಿಯಾಗಿಸಿ, ಅವು ಮತ್ತೆ ಒಂದಕ್ಕೊಂದು ಅಂಟಿಕೊಳ್ಳದಂತೆ ಕಾಯುವುದೇ ಸನ್‌ಸ್ಕ್ರೀನ್ ತಯಾರಿಸುವ ನಮ್ಮ ಕಸುಬಿನ ಮುಕ್ಕಾಲು ಪಾಲು. ಒಂದೇ ಪ್ರಮಾಣದ ಸತು ಹಾಕಿದ ಎರಡು ಕ್ರೀಮುಗಳ ಎಸ್‌ಪಿಎಫ್ (ಬಿಸಿಲನ್ನು ತಡೆಯುವ ಶಕ್ತಿಯ ಅಳತೆ) ಬೇರೆಬೇರೆ ಬರುವುದಕ್ಕೆ ಇದೂ ಒಂದು ಕಾರಣ.

ರಕ್ತದ ಮಾತಿಗೆ ಬರೋಣ. ಸಂದೇಶ ಪೂರ್ತಿ ಸುಳ್ಳಲ್ಲ, ಆದರೆ ಅಳತೆಯನ್ನು ನುಂಗಿಹಾಕಿದೆ. ಆಸ್ಟ್ರೇಲಿಯದ ವಿಜ್ಞಾನಿಗಳು ಗುರುತು ಹಿಡಿಯಬಲ್ಲ ಸತುವಿನ ಐಸೊಟೋಪಿನಿಂದ (ಪರಮಾಣುವಿನ ತೂಕದಲ್ಲಷ್ಟೇ ಬೇರೆಯಾದ ಸತುವಿನಿಂದ) ಸನ್‌ಸ್ಕ್ರೀನ್ ಮಾಡಿಸಿ, ಸ್ವಯಂಸೇವಕರಿಗೆ ಐದು ದಿನ ಕಡಲತೀರದಲ್ಲಿ ಹಚ್ಚಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಗುರುತಿನ ಸತು ರಕ್ತದಲ್ಲಿ ಸಿಕ್ಕಿತು, ನಿಜ. ರಕ್ತದಲ್ಲಿರುವ ಒಟ್ಟು ಸತುವಿನ ಸುಮಾರು ಸಾವಿರದಲ್ಲಿ ಒಂದು ಪಾಲು. ಅದು ಕಣವಾಗಿಯೇ ಒಳಹೋಯಿತೋ ಕರಗಿ ಹೋಯಿತೋ ಎಂಬುದು ಆ ಪ್ರಯೋಗದಲ್ಲಿ ಬಗೆಹರಿಯಲಿಲ್ಲ. ನಾವು ದಿನವೂ ಬೇಳೆಕಾಳಿನಿಂದ ಪಡೆಯುವುದೂ ಸತುವನ್ನೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರ ಕರಡು ನಿಯಮದಲ್ಲಿ, ಶೇ 25ರವರೆಗೆ ಬಳಸಿದರೆ ಸುರಕ್ಷಿತ ಎಂದು ಹೆಸರಿಸಿದ್ದು ಈ ಎರಡು ಖನಿಜಗಳನ್ನು ಮಾತ್ರ. ಬೇರೆ ಹನ್ನೆರಡು ಫಿಲ್ಟರುಗಳಿಗೆ (ಬಿಸಿಲು ತಡೆಯುವ ವಸ್ತುಗಳಿಗೆ) ಇನ್ನಷ್ಟು ಮಾಹಿತಿ ಕೊಡಿ ಎಂದಿತು. ಹಾಗೆಂದು ಅವು ವಿಷವೆಂದೇನೂ ಅರ್ಥವಲ್ಲ. ಹಾಲೂಡಿಸುವ ತಾಯಿ ಈ ಕ್ರೀಮನ್ನು ನಿಶ್ಚಿಂತೆಯಿಂದ ಹಚ್ಚಿಕೊಳ್ಳಬಹುದು. ಮಗುವಿನ ಬಾಯಿ ತಾಗುವ ಜಾಗವೊಂದನ್ನು ಬಿಡಿ.

ಕ್ಯಾನ್ಸರಿನ ಸುದ್ದಿಗೂ ಒಂದು ಬೇರಿದೆ. ಟೈಟಾನಿಯಂ ಡೈಆಕ್ಸೈಡನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘2ಬಿ’ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದಕ್ಕೆ ಆಧಾರವಾದದ್ದು ಇಲಿಗಳು ಉಸಿರಿನೊಂದಿಗೆ ಒಳಗೆಳೆದುಕೊಂಡ ಧೂಳು, ಚರ್ಮಕ್ಕೆ ಹಚ್ಚಿದ ಲೇಪವಲ್ಲ. ಶ್ವಾಸಕೋಶಕ್ಕೆ ಹೋಗಬಹುದಾದ ಸ್ಪ್ರೇಗಳಲ್ಲಿ ಅದರ ನ್ಯಾನೊ ರೂಪವನ್ನು ಯುರೋಪ್ ಒಪ್ಪುವುದಿಲ್ಲ. ಆದ್ದರಿಂದ ಸ್ಪ್ರೇ, ಪುಡಿ ಎರಡೂ ಬೇಡ, ಕ್ರೀಮೇ ಇರಲಿ. ಕೂಸಿರುವ ಮನೆಯಲ್ಲಿ ಜಿಂಕ್ ಪುಡಿಯ ಪೊಟ್ಟಣ ಬಿಚ್ಚಬೇಡಿ ಎನ್ನುವುದಕ್ಕೆ ನನ್ನ ಎರಡನೆಯ ಕಾರಣವೂ ಧೂಳೇ.

ಸಂದೇಶ ಹಂಚುವವರಿಗೆ ಗೊತ್ತಿಲ್ಲದ, ನಮ್ಮ ಕಸುಬಿನವರಿಗೆ ನಿಜವಾಗಿ ತಲೆನೋವಾದ ಸಂಗತಿ ಬೇರೆಯೇ ಇದೆ. ಈ ಖನಿಜಗಳು ಕನ್ನಡಿಯಂತೆ ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ ಎಂದು ಬಹಳ ಕಡೆ ಬರೆದಿರುತ್ತಾರೆ. ಅಳೆದು ನೋಡಿದರೆ ಅತಿನೇರಳೆ ಕಿರಣದಲ್ಲಿ ಶೇ 5ರ ಆಸುಪಾಸು ಮಾತ್ರ ಹಿಂದಿರುಗುತ್ತದೆ, ಹೆಚ್ಚಿನದನ್ನು ಅವು ಹೀರಿಕೊಳ್ಳುತ್ತವೆ. ಹೀರಿದ ಶಕ್ತಿ ಕಣದ ಮೈಮೇಲೆ ಸುತ್ತಲಿನ ವಸ್ತುವನ್ನು ಕೆಡಿಸುವ ರಾಸಾಯನಿಕ ಕ್ರಿಯೆಗೂ ದಾರಿಯಾಗಬಲ್ಲದು. ಆಸ್ಟ್ರೇಲಿಯದಲ್ಲಿ ಹೊಸ ಉಕ್ಕಿನ ಛಾವಣಿಗಳ ಬಣ್ಣ ಅಲ್ಲಲ್ಲಿ ಬೆರಳಿನ, ಅಂಗೈಯ ಆಕಾರದಲ್ಲೇ ಮಾಸತೊಡಗಿತ್ತು. ಹುಡುಕಿದರೆ, ಕೆಲಸಗಾರರ ಕೈಗಂಟಿದ ಸನ್‌ಸ್ಕ್ರೀನ್! ಕಣಗಳಿಗೆ ಸಿಲಿಕಾ, ಅಲ್ಯುಮಿನಾ ಕವಚ ತೊಡಿಸುವುದು ಇದನ್ನು ತಡೆಯಲೆಂದೇ. ಅಂಗಡಿಯ ಬಿಡಿ ಪುಡಿಗೆ ಆ ಕವಚ ಇರುತ್ತದೆಂಬ ಖಾತ್ರಿಯಿಲ್ಲ.

ಬೂದಿ ಮುಖದ ದೂರು ಮತ್ತು ನ್ಯಾನೊ ಭಯ ಒಂದೇ ಪತ್ರದಲ್ಲಿ ಬಂದಿದ್ದು ಕಂಡು ನಗು ಬಂತು, ಕ್ಷಮಿಸಿ. ಕಣ ದೊಡ್ಡದಾದಷ್ಟೂ ಮುಖ ಬಿಳಿ. ಬಿಳುಪು ಕಡಿಮೆಯಾಗಲೆಂದೇ ಕಣವನ್ನು ಸಣ್ಣದು ಮಾಡಿದ್ದು. ನಿಮಗೆ ಬಣ್ಣ ಬೆರೆತ ಸನ್‌ಸ್ಕ್ರೀನ್ ಹೊಂದುತ್ತದೆ. ಅದರಲ್ಲಿರುವುದು ಕೆಮ್ಮಣ್ಣಿಗೆ ಕೆಂಪು ಕೊಡುವ ಐರನ್ ಆಕ್ಸೈಡ್. ಅದು ಬೂದಿಯನ್ನು ಮರೆಸುವುದಷ್ಟೇ ಅಲ್ಲ. ಬಂಗು ಕಣ್ಣಿಗೆ ಕಾಣುವ ಬೆಳಕಿಗೂ ಗಾಢವಾಗುತ್ತದೆ, ಆ ಬೆಳಕನ್ನು ನ್ಯಾನೊ ಸತು ಅಷ್ಟಾಗಿ ತಡೆಯದು, ಐರನ್ ಆಕ್ಸೈಡ್ ತಡೆಯುತ್ತದೆ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ ಬದಲಿಸಿಕೊಳ್ಳಿ. ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಿ. ಹೆಲ್ಮೆಟ್ಟಿನ ಪಟ್ಟಿ ಉಜ್ಜಿ ಅಳಿಸಿದ ಕಡೆ ಶಾಲೆ ಮುಟ್ಟಿದ ಮೇಲೆ ಮತ್ತೊಮ್ಮೆ ಸವರಿ.

ಮಗುವಿಗೆ ಆರು ತಿಂಗಳು ತುಂಬುವವರೆಗೆ ಯಾವ ಸನ್‌ಸ್ಕ್ರೀನೂ ಬೇಡ. ನೆರಳು, ತೆಳು ಹತ್ತಿಯ ಅಂಗಿ, ತಲೆಗೊಂದು ಕುಲಾವಿ ಸಾಕು.