ಕೈ ಪಳಗಿದ ಮೇಲೂ ಕಲಿಯಬೇಕಾ?

ಪ್ರಶ್ನೆ: ಅಕ್ಕಾ, ಎಂಟು ವರ್ಷದಿಂದ ಮಸಾಜ್ ಮಾಡುತ್ತಿದ್ದೇನೆ. ಮತ್ತೆ ತರಬೇತಿಗೆ ದುಡ್ಡು ಹಾಕಬೇಕಾ? – ಓದುಗರು, ಗೋಕರ್ಣ

ಉತ್ತರ: ಹಾಕಿ ತಂಗಿ. ನಾನು ಕುಮಟಾದಲ್ಲಿ ಹನ್ನೆರಡು ವರ್ಷ ಎಣ್ಣೆ ತಿಕ್ಕಿದ ಮೇಲೆ ಮತ್ತೆ ಕಲಿಯಲು ಕೂತವಳು. ಅಲ್ಲಿಯವರೆಗೆ ಕಾಲು ಊದಿದೆ ಅಂದರೆ ಮೀನಖಂಡವನ್ನು ಇನ್ನೂ ಗಟ್ಟಿಯಾಗಿ ಒತ್ತುತ್ತಿದ್ದೆ! ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಒತ್ತಿದರೆ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ತುಂಬಾ ಹೊತ್ತು ಕೂತೇ ಪ್ರಯಾಣ ಮಾಡಿದರೆ ಹೀಗೆ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು; ನಿಮ್ಮಲ್ಲಿ ವಿಮಾನ, ರಾತ್ರಿ ಬಸ್ಸು ಇಳಿದು ಬರುವವರೇ ಜಾಸ್ತಿ ಅಲ್ವಾ? ಅನುಮಾನ ಬಂದರೆ ಕೈ ಹಚ್ಚದೆ ಡಾಕ್ಟರ್ ಹತ್ತಿರ ಕಳಿಸಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಇಂತಿಷ್ಟು ಗಂಟೆ ಹೊಸದಾಗಿ ಕಲಿಯದಿದ್ದರೆ ಮಸಾಜ್ ಲೈಸೆನ್ಸ್ ಮುಂದುವರಿಯುವುದಿಲ್ಲ. ಸುಮ್ನೆ ಸರ್ಟಿಫಿಕೇಟ್ ಕೊಡುವ ಕಡೆ ಬೇಡ. ದೇಹದ ಒಳರಚನೆ ಕಲಿಸುವ ಕಡೆ ಸೇರಿಕೊಳ್ಳಿ.